ಟಿಂಕರ್ ಮಾಮನ ಎಂಟು ಸಿಲಿಂಡರ್

ಮೊನ್ನೆ ನನ್ನ ಹಳೆಯ ಸ್ಕೂಟರನ್ನು ಮಾರಿದೆ. ಕೊಂಡವರು ಚಾಸಿಸ್ ನಂಬರಿನ ಮೇಲೆ ತೆಳ್ಳನೆಯ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರು. ಅಂಕಿಗಳು ಒಂದೊಂದಾಗಿ ಬೆಳ್ಳಗೆ ಎದ್ದು ಬಂದವು. ಪೆನ್ಸಿಲ್ ಸೀಸದ ವಾಸನೆ ಮೂಗಿಗೆ ಬಡಿದದ್ದೇ ತಡ, ಟಿಂಕರ್ ಮಾಮ ನೆನಪಾದರು. ಸ್ಕೂಟರ್ ಹೋದ ಬೇಸರ ಎಲ್ಲಿ ಹೋಯಿತೋ… ಅವತ್ತು ಊಟ ಸೇರಲಿಲ್ಲ.

ಹೊಸೂರಿನಲ್ಲಿ ರಾಯಕೋಟೆ ರಸ್ತೆಯ ಅಂಚಿಗೆ ಅವರ ಶೆಡ್ಡು ಇತ್ತು. ಡಿಕ್ಕಿ ಹೊಡೆದು ನಜ್ಜುಗುಜ್ಜಾದ ಗಾಡಿಗಳ ತಗಡು ಬಡಿದು ನೇರ ಮಾಡುವುದು ಅವರ ಕಸುಬು. ನಮ್ಮ ಕಡೆ ಅದಕ್ಕೆ ಟಿಂಕರಿಂಗ್ ಎನ್ನುತ್ತಾರೆ. ನನಗೆ ಬಂಧುವೇನಲ್ಲ, ಊರಿಗೆಲ್ಲ ಮಾಮ, ನನಗೂ ಮಾಮ. ನಾನಾಗ ಆರ್‌ಟಿಒ ಕಚೇರಿಯ ಎದುರು ಮೇಜು ಹಾಕಿಕೊಂಡು ಜನರ ಅರ್ಜಿ ಬರೆದುಕೊಡುತ್ತಿದ್ದೆ. ಮಧ್ಯಾಹ್ನ ಡಬ್ಬಿ ಬಿಚ್ಚುತ್ತಿದ್ದದ್ದು ಅವರ ಶೆಡ್ಡಿನಲ್ಲೇ. ಕೆಲಸ ಕಮ್ಮಿ, ಹರಟೆ ಜಾಸ್ತಿ ಎಂದು ಅವರ ಹೆಂಡತಿ ನಮ್ಮಿಬ್ಬರನ್ನೂ ಸೇರಿಸಿ ಬೈಯುತ್ತಿದ್ದರು.

ಶೆಡ್ಡಿನ ಹಿಂದೆ, ಟಾರ್ಪಾಲಿನ ಕೆಳಗೆ ಒಂದು ಹಳೆಯ ಅಮೆರಿಕದ ಕಾರು. ಎರಡೇ ಬಾಗಿಲು, ಮಂಚದಷ್ಟು ಉದ್ದದ ಬಾನೆಟ್ಟು, ಎಡಗಡೆ ಸ್ಟೇರಿಂಗು. ಅಂಚೆಟ್ಟಿ ದಾರಿಯ ಒಂದು ತೋಟದ ಬಂಗಲೆಯಲ್ಲಿ ಕೋಳಿಗಳು ಅದರೊಳಗೆ ಮೊಟ್ಟೆ ಇಡುತ್ತಿದ್ದವಂತೆ. ಪೆಟ್ರೋಲಿನ ಖರ್ಚಿಗೆ ಹೆದರಿ ಹಳೆಯ ಯಜಮಾನರು ಎಂಜಿನ್ ಇಳಿಸಿ, ಡೀಸೆಲ್ ಎಂಜಿನ್ ಕೂರಿಸಿದ್ದರು. ಮಾಮ ಗಾಡಿಯ ಜೊತೆಗೆ, ಗೋಣಿಚೀಲಗಳಡಿ ಬಿದ್ದಿದ್ದ ಮೂಲ ಎಂಜಿನ್ನನ್ನೂ ಹೇರಿಕೊಂಡು ಬಂದರು. ಚಿಕ್ಕ ವಯಸ್ಸಿನಲ್ಲಿ ಮದ್ರಾಸಿನ ವರ್ಕ್‌ಶಾಪಿನಲ್ಲಿ ಅಂಥದೇ ಗಾಡಿಯ ಸದ್ದು ಕೇಳಿ ತಲೆ ಕೆಡಿಸಿಕೊಂಡವರು ಅವರು.

“ಎಂಟು ಸಿಲಿಂಡ್ರು ಕಣ್ಲಾ! ಸ್ಟಾರ್ಟ್ ಮಾಡುದ್ರೆ ಎದುರ್ಗಡೆ ಅಂಗ್ಡಿ ಗಾಜು ಅದುರ್ತದೆ. ಈಗಿನ್ ಕಾರೂ ಒಂದು ಕಾರಾ? ಬೆಳ್ಳಲ್ಲಿ ಒತ್ತುದ್ರೆ ತಗ್ಗು ಬೀಳ್ತದೆ.”

ಏಳು ವರ್ಷ ಬಡಿದರು. ತುಕ್ಕು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ತುಕ್ಕಿನ ಮೇಲೆ ಪುಟ್ಟಿ ಮೆತ್ತಿ ಮುಚ್ಚುವವರನ್ನು ಕಂಡರಂತೂ ಮೈ ಉರಿಯುತ್ತಿತ್ತು. ಕೆಟ್ಟ ಭಾಗ ಕೊಯ್ದು ತೆಗೆದು, ಹೊಸ ತಗಡು ಬೆಸೆದು, ಜೋಡಣೆ ಕೈಗೆ ಸಿಕ್ಕದ ಹಾಗೆ ಉಜ್ಜುತ್ತಿದ್ದರು. ಕಣ್ಣು ಮುಚ್ಚಿಕೊಂಡು ಅಂಗೈಯಿಂದ ಸವರಿ ನೋಡುತ್ತಿದ್ದರು, ಕಣ್ಣನ್ನು ನಂಬಬಾರದಂತೆ.

ಮೂಲ ಎಂಜಿನ್ ಮತ್ತೆ ಒಳಗೆ ಕೂತಿತು, ಕೊನೆಗೆ ಕಡುನೀಲಿ ಬಣ್ಣ ಬಿತ್ತು. ಆರ್‌ಸಿ ಬುಕ್ ಅವರ ಹೆಸರಿಗೆ ಆದರೆ ಗಾಡಿ ರಸ್ತೆಗಿಳಿಯಬಹುದಿತ್ತು. ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೃಷ್ಣಗಿರಿ ಡ್ಯಾಮಿಗೆ ಹೋಗಿ ಬರಬೇಕು, ಅವರಿಗಿದ್ದದ್ದು ಅದೊಂದೇ ಆಸೆ. ಹೆಸರು ಬದಲಿಸುವ ಅರ್ಜಿಗೆ ಚಾಸಿಸ್ ನಂಬರಿನ ಅಚ್ಚು ಬೇಕಿತ್ತು, ನಾನು ಪೆನ್ಸಿಲು, ಕಾಗದ ಹಿಡಿದು ಹೋದೆ. ಮುಂದಿನ ಗಾಜಿನ ಬುಡದ ತಗಡಿನಲ್ಲಿ ನಂಬರು ಇರಬೇಕಿತ್ತು. ಉಜ್ಜಿದೆ, ಕಾಗದ ಬರೀ ಕಪ್ಪಾಯಿತು. ಪಕ್ಕದಲ್ಲಿ ಉಜ್ಜಿದೆ, ಅಲ್ಲೂ ಕಪ್ಪು.

ಮಾಮ ಬೆಂಚಿನ ಮೇಲೆ ಕುಸಿದರು. “ಆ ತಗಡು ಪೂರ್ತಿ ತಿಂದೋಗಿತ್ತು ಕಣ್ಲಾ… ಕೊಯ್ದು ಬಿಸಾಕ್ಬುಟ್ಟೆ.”

ಬೇರೆ ಯಾವ ಟಿಂಕರ್ ಆಗಿದ್ದರೂ ಸೋಮಾರಿತನಕ್ಕಾದರೂ ಆ ತುಂಡನ್ನು ಹಾಗೇ ಬಿಡುತ್ತಿದ್ದ. ಇವರಿಗೆ ಅದು ಹುಳುಕು ಹಲ್ಲು. ಗುಜರಿ ಅಂಗಡಿಗೆ ಓಡಿ ಎರಡು ದಿನ ರಾಶಿ ಕೆದಕಿದೆವು. ಆ ಲೋಡು ಕರಗಿ ವರ್ಷವಾಯಿತು ಎಂದು ಅಂಗಡಿಯವನು ನಕ್ಕ.

“ಬುಕ್ಕಲ್ಲಿ ನಂಬರ್ ಐತಲ್ಲ? ನೀ ಓದ್ತಾ ಹೋಗು, ನಾ ಹೊಸ ತಗಡ್ ಮೇಲೆ ಪಂಚ್ ಹೊಡೀತೀನಿ” ಎಂದರು ಮಾಮ.

“ಬ್ಯಾಡ ಮಾಮ, ಅದು ಗಾಡಿ ಕದಿಯೋರ ಕೆಲ್ಸ. ಆಗಿದ್ದನ್ನ ಆದಂಗೇ ಬರ್ದು ಕೊಡಾಣ.”

ನಾನು ಹೇಳಿದ್ದು ಸರಿಯೇ ಇತ್ತು. ಅರ್ಜಿ ಬರೆದವನೂ ನಾನೇ, ತಮಿಳಿನಲ್ಲಿ, ನನ್ನ ಚೆಂದದ ಕೈಬರಹದಲ್ಲಿ. ಆರ್‌ಟಿಒ ಇನ್ಸ್‌ಪೆಕ್ಟರ್ ಎರಡು ಸಲ ಓದಿದರು. ಕೆಟ್ಟವರಲ್ಲ ಅವರು, ಮಾಮನನ್ನು ಕೂರಿಸಿ ಚಹಾ ಕೊಡಿಸಿದರು. ಆದರೆ ನಂಬರೇ ಇಲ್ಲ ಎಂದು ಬರವಣಿಗೆಯಲ್ಲಿ ಬಂದ ಮೇಲೆ ತಾನು ಕಾಣದವನ ಹಾಗೆ ಇರಲು ಆಗದು, ವಿಚಾರಣೆ ಮುಗಿಯುವ ತನಕ ಗಾಡಿ ಪೊಲೀಸ್ ಠಾಣೆಯಲ್ಲಿ ಇರಬೇಕು ಎಂದರು. ನಾನು ಬಾಯಿ ಬಿಡುವಷ್ಟರಲ್ಲಿ ಕಾಗದದ ಮೇಲೆ ಸೀಲು ಬಿದ್ದಿತ್ತು.

ಎಡಗಡೆ ಸ್ಟೇರಿಂಗಿನ ಗಾಡಿ ಓಡಿಸಲು ಪೊಲೀಸರಲ್ಲಿ ಯಾರಿಗೂ ಬರಲಿಲ್ಲ. ಹಾಗಾಗಿ ಮಾಮನೇ ಠಾಣೆಗೆ ಓಡಿಸಬೇಕಾಯಿತು. ಹಿಂದಿನ ಸೀಟಿನಲ್ಲಿ ಪೇದೆ, ಮುಂದೆ ಬಲಗಡೆ ಕಾಗದ ಹಿಡಿದುಕೊಂಡು ನಾನು. ಅವರ ಹೆಂಡತಿ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದರು. ಎಂಜಿನ್ ಗುಡುಗಿತು. ಎದುರಂಗಡಿಯ ಗಾಜು ನಿಜಕ್ಕೂ ಅದುರಿತು. ರಸ್ತೆಯುದ್ದಕ್ಕೂ ಜನ ಹೊರಗೆ ಬಂದರು. ಏಳು ವರ್ಷದಿಂದ ಕಾದಿದ್ದ ಕಾರು ಕೊನೆಗೂ ಹೊರಟಿತೆಂದು ಸೀಟಿ ಹೊಡೆದರು, ಚಪ್ಪಾಳೆ ತಟ್ಟಿದರು. ಟೀ ಅಂಗಡಿಯವರು ಹಾರನ್ ಹೊಡೆಯಿರಿ ಎಂದು ಕೂಗಿದರು. ಮಾಮ ಹೊಡೆದರು. ಅವರ ಮುಖ ನೋಡುವ ಧೈರ್ಯ ನನಗೆ ಬರಲಿಲ್ಲ…

ವಿಚಾರಣೆ ಮುಗಿಯಲೇ ಇಲ್ಲ. ಪ್ರತಿ ಶುಕ್ರವಾರ ಮಾಮ ಎಣ್ಣೆ ಬಟ್ಟೆ ತೆಗೆದುಕೊಂಡು ಹೋಗಿ ಗಾಡಿ ಒರೆಸಿ ಬರುತ್ತಿದ್ದರು. ಠಾಣೆಗೆ ಹೊಸ ಅಧಿಕಾರಿ ಬಂದ ಮೇಲೆ ಅದೂ ನಿಂತಿತು. ಬಾಗಿಲ ಕೆಳಗೆ ತುಕ್ಕು ಎದ್ದದ್ದನ್ನು ಮಾಮ ಕಾಂಪೌಂಡಿನ ಆಚೆಯಿಂದ ನೋಡಿದರಂತೆ. ಅವರು ತೀರಿಕೊಂಡ ಎರಡು ವರ್ಷಕ್ಕೆ ಕಾರು ಗುಜರಿ ಹರಾಜಿನಲ್ಲಿ ತುಂಡಾಗಿ ಹೋಯಿತು.

ಈಗ ಭಾನುವಾರ ಬೆಳಿಗ್ಗೆ ಬೆಂಗಳೂರಿನ ಶ್ರೀಮಂತರು ಅಂಥ ಹಳೆಯ ಗಾಡಿಗಳನ್ನು ಹೈವೇಯಲ್ಲಿ ಓಡಿಸಿಕೊಂಡು ಬರುತ್ತಾರೆ. ಜನ ಫೋಟೋ ತೆಗೆಯುತ್ತಾರೆ. ಸ್ಕೂಟರ್ ಮಾರಿದ ಮರುದಿನ ಅಂಥದೊಂದು ಹಾದುಹೋದಾಗ ಸಂತೆಯ ಹತ್ತಿರ ಮಾಮನ ಹೆಂಡತಿ ಸಿಕ್ಕರು. ಸದ್ದು ಪೂರ್ತಿ ಅಡಗುವ ತನಕ ಅತ್ತಲೇ ನೋಡುತ್ತ ನಿಂತಿದ್ದರು. ನಾನು, ತಪ್ಪು ನನ್ನದೇ ಅಕ್ಕ, ಆ ಅರ್ಜಿ ಬರೆಯಬಾರದಿತ್ತು ಎಂದೆ.

“ಅರ್ಜಿ ಹಾಳಾಗೋಗ್ಲಿ ಬುಡಪ್ಪ. ನಂಗೇನು ಡ್ಯಾಮ್ ನೋಡೋ ಆಸೆ ಇರ್ನಿಲ್ಲ. ಅವತ್ತು ಟೇಸನ್ ಗಂಟನಾದ್ರೂ ನಾನು ಅವರ ಪಕ್ಕ ಕುಂತ್ಕಂಡು ಹೋಗ್ಬೌದಿತ್ತು. ಆ ಸೀಟಲ್ಲಿ ನೀನ್ ಕುಂತಿದ್ದೆ.”

ಇಷ್ಟು ವರ್ಷದಲ್ಲಿ ಅದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಅವರ ತರಕಾರಿ ಚೀಲ ಇಸಿದುಕೊಂಡು ಬಸ್ ಸ್ಟ್ಯಾಂಡಿನವರೆಗೂ ಜೊತೆಗೆ ನಡೆದೆ.