ಉಪವಾಸಕ್ಕೆ ಏನು ತಿಂದಿರಿ?

ನಮ್ಮ ಅತ್ತೆಗೆ ಪಿತ್ತಕೋಶದಲ್ಲಿ ಕಲ್ಲು ಇದೆಯೆಂದು ಸ್ಕ್ಯಾನಿಂಗಿನಲ್ಲಿ ಗೊತ್ತಾದಾಗ ಅವರು ಮೊದಲು ನೋಡಿದ್ದು ನನ್ನ ಮುಖವನ್ನು. ಆ ಕಲ್ಲನ್ನು ನಾನೇ ಸಾರಿನಲ್ಲಿ ಹಾಕಿ ಕುಡಿಸಿದ್ದೆನೇನೋ ಎಂಬಂತೆ. ಮದುವೆಯಾಗಿ ಉಡುಪಿ ಕಡೆಯಿಂದ ಮುಂಬಯಿ ಗೋರೆಗಾಂವಿನ ಈ ಮನೆಗೆ ಬಂದಾಗಿನಿಂದ ನಮ್ಮಿಬ್ಬರದು ಎಣ್ಣೆ ಸೀಗೆಕಾಯಿಯ ಸಂಬಂಧ. ಹಾಗೆಂದು ಅವರು ನಾಲ್ಕು ದಿನ ಊರಿಗೆ ಹೋದರೆ ನನಗೆ ಅನ್ನ ಸೇರುವುದಿಲ್ಲ. ಗಂಡ ಬೆಳಕು ಹರಿಯುವ ಮೊದಲೇ ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿರುವ ತಮ್ಮ ಕ್ಯಾಂಟೀನಿಗೆ ಹೋಗಿಬಿಡುತ್ತಾರೆ. ದಿನವಿಡೀ ಮನೆಯಲ್ಲಿ ಮಾತಿಗೂ ಜಗಳಕ್ಕೂ ನಾವಿಬ್ಬರೇ.

ಆಪರೇಶನ್ ಮಾಡುವ ಡಾಕ್ಟರು ನಗುಮುಖದವರು. ‘ಛೋಟಾ ಸಾ ಆಪರೇಶನ್ ಹೈ, ಅಮ್ಮಾ’ ಎಂದು ಅತ್ತೆಯ ಬೆನ್ನು ತಟ್ಟಿದರು. ಹೊಟ್ಟೆಯಲ್ಲಿ ನಾಲ್ಕು ಸಣ್ಣ ತೂತು, ಮರುದಿನ ಮನೆ. ನನಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಆಮೇಲೆ ಅರಿವಳಿಕೆ ಕೊಡುವ ಡಾಕ್ಟರಮ್ಮನನ್ನು ಕಾಣಲು ಪಕ್ಕದ ಕೋಣೆಗೆ ಕಳಿಸಿದರು. ಸಣ್ಣ ಆಳು, ಮರಾಠಿಯವರು, ನಗು ಕಡಿಮೆ. ಅತ್ತೆಯ ಬಾಯಿ ತೆರೆಸಿ ಟಾರ್ಚ್ ಹಾಕಿದರು, ಕುತ್ತಿಗೆಯನ್ನು ಹಿಂದಕ್ಕೆ ಬಾಗಿಸಿದರು, ಯಾವ ಹಲ್ಲು ಅಲುಗಾಡುತ್ತದೆ ಎಂದು ವಿಚಾರಿಸಿದರು. ಹೊಟ್ಟೆಯ ಕಲ್ಲಿಗೂ ಬಾಯಿಯ ಹಲ್ಲಿಗೂ ಎಂತ ಸಂಬಂಧ ಎಂದು ಅತ್ತೆ ನನ್ನ ಕಡೆ ಹುಬ್ಬು ಹಾರಿಸಿದರು.

‘ಜೀವಕ್ಕೇನೂ ಅಪಾಯ ಇಲ್ಲ ತಾನೇ?’ ಎಂದು ನಾನು ಸುಮ್ಮನೆ, ಎದ್ದು ಹೊರಡುವಾಗ, ಹಿಂದಿಯಲ್ಲಿ ಕೇಳಿದೆ. ಇಲ್ಲ ಎನ್ನುತ್ತಾರೆ, ಹೊರಡುವುದು ಎಂದುಕೊಂಡಿದ್ದೆ.

‘ಇದೆ’ ಎಂದರು ಡಾಕ್ಟರಮ್ಮ. ‘ಬಹಳ ಕಡಿಮೆ. ಈಗ ಔಷಧಗಳು ಒಳ್ಳೆಯವು, ಮಶೀನುಗಳು ಒಳ್ಳೆಯವು. ಆದರೆ ಇಲ್ಲವೇ ಇಲ್ಲ ಎಂದು ನಾನು ಹೇಳುವುದಿಲ್ಲ.’

ನನಗೆ ಸಿಟ್ಟು ಬಂತು. ಆಚೆ ಕೋಣೆಯವರು ಅಷ್ಟು ಚೆನ್ನಾಗಿ ಹೇಳಿದರು, ಇವರಿಗೆ ಎರಡು ಒಳ್ಳೆಯ ಮಾತು ಆಡಲು ಬರುವುದಿಲ್ಲವೇ ಎಂದು ರಿಕ್ಷಾದಲ್ಲಿ ಮನೆಯವರೆಗೂ ಗೊಣಗಿದೆ. ಆ ರಾತ್ರಿ ಊಟಕ್ಕೆ ಕೂತ ಅತ್ತೆ ಹುಳಿಗೆ ಉಪ್ಪು ಜಾಸ್ತಿ ಎಂದು ಹೇಳಲಿಲ್ಲ. ಉಪ್ಪು ಜಾಸ್ತಿಯೇ ಇತ್ತು. ಅವರು ಹೆದರಿದ್ದಾರೆಂದು ನನಗೆ ಗೊತ್ತಾದದ್ದು ಹಾಗೆ, ಆಮೇಲೆ ನನಗೂ ಹೆದರಿಕೆ ಹತ್ತಿತು.

ಆಪರೇಶನ್ನಿನ ಹಿಂದಿನ ದಿನ ಆಸ್ಪತ್ರೆಯಿಂದ ಫೋನು ಬಂತು: ರಾತ್ರಿ ಊಟವಾದ ಮೇಲೆ ಏನೂ ತಿನ್ನುವಂತಿಲ್ಲ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರಬೇಕು. ನಾನು ಅದನ್ನು ಅತ್ತೆಗೆ ಮೂರು ಸಲ ಹೇಳಿದೆ. ಮೂರನೆಯ ಸಲಕ್ಕೆ ಅವರಿಗೆ ರೇಗಿತು.

‘ನಾಳೆ ಏಕಾದಶಿ ಅಲ್ವಾ ಮಾರಾಯ್ತಿ? ನಂಗೆ ಹೇಗೂ ಉಪವಾಸವೇ. ಲಂಘನಂ ಪರಮೌಷಧಂ ಅಂತ ದೊಡ್ಡವರು ಸುಮ್ನೆ ಹೇಳಿದ್ದಾ? ನೀನು ನಂಗೆ ಉಪವಾಸ ಕಲಿಸ್ಲಿಕ್ಕೆ ಬರ್ಬೇಡ.’

ದೇವರೇ ದಿನ ಗೊತ್ತು ಮಾಡಿದ್ದಾನೆ ಎಂದು ಅವರು ಖುಷಿಪಟ್ಟರು. ಕಾವಲು ಕಾಯುವ ಕೆಲಸ ತಪ್ಪಿತೆಂದು ನಾನು ಖುಷಿಪಟ್ಟೆ. ಬೆಳಿಗ್ಗೆ ನಾನು ಎದ್ದಾಗ ಅತ್ತೆಯ ಸ್ನಾನ, ಪೂಜೆ ಮುಗಿದಿತ್ತು. ಒಳ್ಳೆಯ ಸೀರೆ ಉಟ್ಟು, ಮಡಿಲಲ್ಲಿ ಚೀಲ ಇಟ್ಟುಕೊಂಡು ಮದುವೆಗೆ ಹೊರಟವರ ಹಾಗೆ ಕೂತಿದ್ದರು. ಅಡುಗೆಮನೆಯಲ್ಲಿ ಜೀರಿಗೆ, ನೆಲಗಡಲೆಯ ಘಮ ಇತ್ತು. ಏಕಾದಶಿ ಎಂದರೆ ನಮ್ಮ ಮನೆಯಲ್ಲಿ ಆ ಘಮ ಇರಲೇಬೇಕಾದ್ದರಿಂದ ನನಗೆ ಏನೂ ಅನಿಸಲಿಲ್ಲ.

ಆಸ್ಪತ್ರೆಯಲ್ಲಿ ಹಸಿರು ಅಂಗಿ ತೊಡಿಸಿದರು, ಬಳೆ ತೆಗೆಸಿದರು. ಆಪರೇಶನ್ ಕೋಣೆಯ ಹೊರಗಿನ ಮಂಚದ ಮೇಲೆ ಮಲಗಿಸಿದರು. ಡಾಕ್ಟರಮ್ಮ ಬಂದು ಹಿಂದಿಯಲ್ಲಿ ಕೇಳಿದರು, ‘ಬೆಳಿಗ್ಗೆಯಿಂದ ಏನಾದರೂ ತಿಂದಿದ್ದೀರಾ?’

‘ನಹೀಂ ನಹೀಂ. ಆಜ್ ಏಕಾದಶಿ. ಉಪವಾಸ್ ಹೈ’ ಎಂದರು ಅತ್ತೆ. ಮಲಗಿದಲ್ಲೇ ಸ್ವಲ್ಪ ಹೆಮ್ಮೆ.

ಸಿಸ್ಟರ್ ತಲೆಯಾಡಿಸಿದರು. ನಾನೂ ತಲೆಯಾಡಿಸಿದೆ. ಡಾಕ್ಟರಮ್ಮ ಬಾಗಿಲಿನ ತನಕ ಹೋದವರು ನಿಂತರು. ತಿರುಗಿ ಬಂದು ಮಂಚದ ಪಕ್ಕ ಬಗ್ಗಿ ಈ ಸಲ ಮರಾಠಿಯಲ್ಲಿ, ಪಕ್ಕದ ಮನೆಯ ಹೆಂಗಸು ಕೇಳುವ ಹಾಗೆ ಕೇಳಿದರು: ‘ಉಪಾಸಾಲಾ ಕಾಯ್ ಖಾಲ್ಲಂ, ಆಜಿ?’

ಉಪವಾಸಕ್ಕೆ ಏನು ತಿಂದಿರಿ, ಅಜ್ಜಿ? ಬೇರೆ ಯಾವ ದೇಶದಲ್ಲಾದರೂ ಈ ಪ್ರಶ್ನೆ ಕೇಳಿದವರನ್ನು ಹುಚ್ಚರೆನ್ನುತ್ತಾರೆ. ನಮ್ಮ ಅತ್ತೆಗೆ ಅದರಲ್ಲಿ ವಿಚಿತ್ರ ಏನೂ ಕಾಣಲಿಲ್ಲ. ‘ಸಾಬುದಾಣ್ಯಾಚೀ ಖಿಚಡಿ’ ಎಂದರು, ಸಾಬಕ್ಕಿಯ ಖಿಚಡಿ. ಒಂದು ಲೋಟ ಹಾಲು. ಒಂದು ಬಾಳೆಹಣ್ಣು. ಖಿಚಡಿಗೆ ತುಪ್ಪ ಸ್ವಲ್ಪ ಜಾಸ್ತಿಯೇ ಹಾಕಿದ್ದೆ ಎಂದೂ ಸೇರಿಸಿದರು.

ಸಿಸ್ಟರ್ ಬಾಯಿಗೆ ಕೈ ಅಡ್ಡ ಹಿಡಿದು, ‘ಏಕಾದಶಿ, ದುಪ್ಪಟ್ ಖಾಶಿ’ ಎಂದರು. ಏಕಾದಶಿ ಬಂತು, ದುಪ್ಪಟ್ಟು ತಿನ್ನು ಎಂದು ಮರಾಠಿಯವರ ಗಾದೆ. ಡಾಕ್ಟರಮ್ಮ ನಗಲಿಲ್ಲ. ಇವತ್ತು ಆಗುವುದಿಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದರು. ಒಳಗಿಂದ ಆಪರೇಶನ್ನಿನ ಡಾಕ್ಟರು ಬಂದು ಏನೋ ಅಸಮಾಧಾನದಿಂದ ಹೇಳಿದರೂ ಡಾಕ್ಟರಮ್ಮ ಜಗ್ಗಲಿಲ್ಲ.

ನನ್ನ ಬಾಯಿಗೆ ಬೀಗವಿಲ್ಲ. ಅಲ್ಲಿಯೇ ಶುರು ಮಾಡಿದೆ. ‘ಮೂರು ಸಲ ಹೇಳಿದ್ದೆ ಅಲ್ವಾ ಅತ್ತೆ? ಏನೂ ತಿನ್ಬಾರ್ದು ಅಂತ ಹೇಳಿದ್ದಲ್ವಾ?’

‘ನಾನೆಂತ ತಿಂದದ್ದು?’ ಅತ್ತೆಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ‘ಅನ್ನ ಒಂದಗುಳು ಮುಟ್ಲಿಲ್ಲ. ಅದು ಫಲಾಹಾರ.’

ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ. ನಮ್ಮಲ್ಲಿ ಊಟ ಎಂದರೆ ಅನ್ನ. ಅನ್ನ ಬಿಟ್ಟರೆ ಉಪವಾಸ. ಊರಿನಲ್ಲಿದ್ದಾಗ ಏಕಾದಶಿಗೆ ಬೇರೆ ಏನೇನೋ ಫಲಾಹಾರ ಇತ್ತು; ಮುಂಬಯಿಗೆ ಬಂದ ಮೇಲೆ ಬಿಲ್ಡಿಂಗಿನ ಮರಾಠಿ ಹೆಂಗಸರಿಂದ ಈ ಖಿಚಡಿ ಕಲಿತರು. ಸಾಬಕ್ಕಿಯ ಹೆಸರಿನಲ್ಲಿ ಅಕ್ಕಿ ಇದ್ದರೂ ಅದು ಅಕ್ಕಿಯಲ್ಲ ಎಂದು ಅತ್ತೆಯೇ ನನಗೆ ಸಮಾಧಾನ ಹೇಳಿ ತಿನ್ನಿಸಿದ್ದರು. ಹಾಗಾಗಿ ಫೋನಿನಲ್ಲಿ ಆಸ್ಪತ್ರೆಯವರು ಹಿಂದಿಯಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳಿದರೂ ಅದು ಅವರ ಕಿವಿಯೊಳಗೆ ಹೋಗಿ ಏಕಾದಶಿಯಾಗಿಬಿಟ್ಟಿತ್ತು.

ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದು ವಿವರಿಸಿದರು. ಅರಿವಳಿಕೆ ಕೊಟ್ಟಾಗ ಮೈ ಮಾತ್ರ ಮಲಗುವುದಿಲ್ಲ, ಗಂಟಲಿನ ಕಾವಲೂ ಮಲಗುತ್ತದೆ. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದರೆ ಕೆಮ್ಮಿ ಉಗುಳಲು ಆಗುವುದಿಲ್ಲ, ಅದು ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. ಆಗ ಉಳಿಸಿಕೊಳ್ಳುವುದು ಕಷ್ಟ. ಇಷ್ಟು ಹೇಳಿ, ‘ಅವರನ್ನು ಬೈಯಬೇಡಿ’ ಎಂದರು. ‘ಬೈದರೆ ಮುಂದಿನ ಸಲ ಮುಚ್ಚಿಡುತ್ತಾರೆ. ಅವರು ನಿಜ ಹೇಳಿದ್ದರಿಂದ ತಾನೇ ಇವತ್ತು ಎಲ್ಲರೂ ಬಚಾವಾದೆವು.’

ನಾನು ಬಾಯಿ ಮುಚ್ಚಿದೆ. ಅಪರೂಪಕ್ಕೆ.

ಅತ್ತೆ ಸೀರೆ ಉಟ್ಟು ಬಂದು ಬೆಂಚಿನಲ್ಲಿ ಕೂತರು. ಚೀಲದಿಂದ ಸ್ಟೀಲಿನ ಡಬ್ಬಿ ತೆಗೆದು ನನ್ನ ಕಡೆ ಸರಿಸಿದರು. ‘ತಿನ್ನು. ನೀನು ದಿನವಿಡೀ ಇಲ್ಲಿ ಹಸಿದು ಕೂತ್ಕೊಳ್ತಿ ಅಂತ ಮಾಡಿದ್ದು. ಮಾಡಿದ್ಮೇಲೆ ನಾನೂ ಸ್ವಲ್ಪ ತಿಂದೆ.’ ಒಳಗೆ ಬೆಚ್ಚಗಿನ ಖಿಚಡಿ, ಮೇಲೆ ಕೊತ್ತಂಬರಿ. ಆ ಡಾಕ್ಟರಮ್ಮ ಬಾಗಿಲಿನಿಂದ ತಿರುಗಿ ಬಾರದೆ ಹೋಗಿದ್ದರೆ ನಾನು ಇದೇ ಬೆಂಚಿನಲ್ಲಿ ಕೂತು ಈ ಖಿಚಡಿ ತಿನ್ನುತ್ತಿದ್ದೆ, ಒಳಗೆ ಇದೇ ಖಿಚಡಿ ಅತ್ತೆಯ ಉಸಿರು ಕಟ್ಟಿಸುತ್ತಿತ್ತು. ಆದರೂ ತಿಂದೆ. ಅತ್ತೆ ನೋಡುತ್ತ ಕೂತಿದ್ದರಲ್ಲ, ತಿನ್ನದೆ ಉಪಾಯವಿರಲಿಲ್ಲ.

ಹೊಸ ದಿನ ಗೊತ್ತಾಯಿತು. ಅದಕ್ಕೆ ಮೊದಲು ಪಂಚಾಂಗ ನೋಡಿದವಳು ನಾನು. ಸಾಧಾರಣ ದಿನ, ಸಂಕಷ್ಟಿಯೂ ಇಲ್ಲ, ಶನಿವಾರವೂ ಅಲ್ಲ. ಹಿಂದಿನ ರಾತ್ರಿ ನಾನು ಅಡುಗೆಮನೆಯ ಬಾಗಿಲಲ್ಲೇ ಚಾಪೆ ಹಾಸಿ ಮಲಗಿದೆ. ಅತ್ತೆ ನನ್ನನ್ನು ದಾಟಿಕೊಂಡು ನೀರಿಗೂ ಹೋಗಲಿಲ್ಲ.

ಆಸ್ಪತ್ರೆಯಲ್ಲಿ ಅದೇ ಮಂಚ, ಅದೇ ಪ್ರಶ್ನೆ. ಡಾಕ್ಟರಮ್ಮ ಬಾಯಿ ತೆರೆಯುವುದಕ್ಕೂ ಅತ್ತೆ ಉತ್ತರ ಹೇಳುವುದಕ್ಕೂ ಸರಿಹೋಯಿತು. ‘ಆಜ್ ಉಪವಾಸ್ ನಹೀಂ ಹೈ’ ಎಂದರು ಗಟ್ಟಿಯಾಗಿ. ‘ಆಜ್ ಕುಛ್ ನಹೀಂ ಖಾಯಾ.’

ಇವತ್ತು ಉಪವಾಸವಿಲ್ಲ, ಇವತ್ತು ಏನೂ ತಿಂದಿಲ್ಲ. ಡಾಕ್ಟರಮ್ಮ ನಕ್ಕದ್ದನ್ನು ನಾನು ನೋಡಿದ್ದು ಆಗಲೇ. ನಕ್ಕು, ಅತ್ತೆಯ ಹಣೆಯ ಮೇಲಿನ ಕೂದಲನ್ನು ಟೋಪಿಯೊಳಗೆ ಸೇರಿಸಿ, ಮಂಚವನ್ನು ತಾವೇ ತಳ್ಳಿಕೊಂಡು ಒಳಗೆ ಹೋದರು.

ಬಾಗಿಲು ಮುಚ್ಚಿತು. ಗಂಡ ಕ್ಯಾಂಟೀನನ್ನು ಯಾರಿಗೋ ಒಪ್ಪಿಸಿ ಬಂದು ನನ್ನ ಪಕ್ಕ ಕೂತರು, ಅಂಗಿಗೆ ಸಾಂಬಾರಿನ ವಾಸನೆ. ಹೊಟ್ಟೆ ಖಾಲಿ ಇದ್ದ ಮಾತ್ರಕ್ಕೆ ಅಪಾಯ ಪೂರ್ತಿ ಹೋಯಿತೆಂದು ನಾನು ಈಗ ನಂಬುತ್ತಿರಲಿಲ್ಲ. ಇಲ್ಲವೇ ಇಲ್ಲ ಎಂದು ಹೇಳುವುದಿಲ್ಲ ಎಂದಿದ್ದರಲ್ಲ ಡಾಕ್ಟರಮ್ಮ. ವಿಚಿತ್ರವೆಂದರೆ ಮೊದಲು ಸಿಟ್ಟು ಬರಿಸಿದ ಆ ಮಾತನ್ನೇ ಹಿಡಿದುಕೊಂಡು ನಾನು ಕೂತಿದ್ದೆ. ಅಪಾಯ ಇದೆ ಎಂದು ಗೊತ್ತಿರುವವರೇ ಒಳಗೆ ಅತ್ತೆಯ ತಲೆಯ ಹತ್ತಿರ ಕೂತಿದ್ದಾರೆ. ಇಲ್ಲ ಎಂದುಕೊಂಡವರಾಗಿದ್ದರೆ ಅವತ್ತು ಬಾಗಿಲಿನಿಂದ ತಿರುಗಿ ಬರುತ್ತಿರಲಿಲ್ಲ. ಗಂಡ ನನ್ನ ಕೈ ಹಿಡಿದುಕೊಂಡರು. ಅಷ್ಟು ಜನರ ಎದುರು ಅವರು ನನ್ನ ಕೈ ಹಿಡಿದದ್ದು ಧಾರೆಯ ದಿನ ಬಿಟ್ಟರೆ ಅಂದೇ.

ಬಹಳ ಹೊತ್ತಿನ ಮೇಲೆ ಬಾಗಿಲು ಸ್ವಲ್ಪ ತೆರೆದು ಡಾಕ್ಟರಮ್ಮನ ಮುಖ ಕಾಣಿಸಿತು. ‘ಆಜಿ ಉಠಲ್ಯಾ’ ಎಂದರು. ಅಜ್ಜಿ ಎದ್ದರು. ಹೋದ ಜೀವ ಬಂದಂತಾಯಿತು ಎಂಬುದನ್ನು ನಾನು ಹಾಲು ಉಕ್ಕದೆ ಉಳಿದದ್ದಕ್ಕೂ ಟ್ರೇನು ಸಿಕ್ಕಿದ್ದಕ್ಕೂ ಹೇಳಿಕೊಂಡು ಬಂದವಳು. ಅವತ್ತು ಅದರ ಅರ್ಥ ಗೊತ್ತಾಯಿತು.

ಅತ್ತೆಯನ್ನು ವಾರ್ಡಿಗೆ ತಂದರು. ಗಂಟಲೊಳಗೆ ನಳಿಗೆ ಹಾಕಿದ್ದರಿಂದ ಸ್ವರ ಒಡೆದಿತ್ತು. ಅರ್ಧ ಕಣ್ಣು ತೆರೆದು ಮಗನನ್ನು ನೋಡಿದರು, ಆಮೇಲೆ ನನ್ನನ್ನು. ‘ನೀನು ಎಂತಾದ್ರೂ ತಿಂದ್ಯಾ?’ ಎಂದರು. ನಾನು ಅತ್ತುಬಿಟ್ಟೆ. ಅಳುವುದನ್ನು ಅವರು ನೋಡಿದರೆ ವರ್ಷವಿಡೀ ಆಡಿಕೊಳ್ಳುತ್ತಾರೆಂದು ಹೊರಗೆ ಬಂದೆ.

ಆಗ ಡಾಕ್ಟರಮ್ಮ ಮೆಟ್ಟಿಲು ಇಳಿಯುತ್ತಿದ್ದರು. ಹಸಿರು ಅಂಗಿ ಹೋಗಿ ಸಾದಾ ಕುರ್ತಾ ಬಂದಿತ್ತು, ಹೆಗಲಲ್ಲಿ ದೊಡ್ಡ ಚೀಲ. ಆಪರೇಶನ್ನಿನ ಡಾಕ್ಟರಿಗೆ ಕೊಡಲೆಂದು ಗಂಡ ಸಿಹಿ ತಂದಿದ್ದರು, ಇವರಿಗೆಂದು ನಾವು ಏನೂ ತಂದಿರಲಿಲ್ಲ. ಓಡಿಹೋಗಿ ಕೆಳಗಿನ ಮೆಟ್ಟಿಲಲ್ಲಿ ಅಡ್ಡ ನಿಂತೆ. ಹೇಳಬೇಕೆಂದಿದ್ದು ಬಾಯಿಗೆ ಬರಲಿಲ್ಲ. ಬಂದದ್ದು ನಮ್ಮ ಮನೆಯ ಮಾತು ಒಂದೇ, ಊಟ ಆಯಿತಾ ಎಂಬುದು: ‘ಖಾನಾ ಖಾಯಾ ಆಪ್‌ನೇ?’

‘ಅಭೀ ಕಹಾಂ’ ಎಂದರು. ಬೆಳಗ್ಗಿನಿಂದ ಚಹಾ ಮಾತ್ರ. ‘ಕಾಂದಿವಲಿಯಲ್ಲಿ ಇನ್ನೊಬ್ಬರು ಪೇಶೆಂಟ್ ಇದ್ದಾರೆ. ಪಾಪ, ಖಾಲಿ ಹೊಟ್ಟೆಯಲ್ಲಿ ನನ್ನ ದಾರಿ ಕಾಯುತ್ತಿದ್ದಾರೆ.’

ಕ್ಯಾಂಟೀನಿನ ಮನೆಯವಳು ನಾನು. ಹಸಿದವರು ಎದುರು ಸಿಕ್ಕರೆ ಕೈ ಹಿಡಿದು ಕೂರಿಸುವುದೇ ಅಭ್ಯಾಸ. ಅವತ್ತು ರಸ್ತೆಗೆ ಓಡಿ ನಾನೇ ರಿಕ್ಷಾಕ್ಕೆ ಕೈ ಅಡ್ಡ ಹಿಡಿದೆ, ಬೇಗ ಹೋಗಿ ಎಂದೆ. ರಿಕ್ಷಾ ಹೊರಟ ಮೇಲೂ ಕೈ ಮುಗಿದು ನಿಂತಿದ್ದೆ. ಕಾಂದಿವಲಿಯ ಆ ಪೇಶೆಂಟ್ ಯಾರೋ, ಹೊರಗಿನ ಬೆಂಚಿನಲ್ಲಿ ಕೂತವರು ಯಾರೋ ನನಗೆ ಗೊತ್ತಿಲ್ಲ. ಅವರಿಗೂ ಇವರೇ ಸಿಕ್ಕರಲ್ಲ ಎಂದು ತುಂಬ ಸಂತೋಷವಾಯಿತು.