ಎಂಜಲ ಮೀನು

ಮೂಡಲಗಿಯ ಪೇಟೆಯಲ್ಲಿ ಭಾಂಡೆ ಅಂಗಡಿಯ ಗುರುಲಿಂಗಪ್ಪನನ್ನು ಅರಿಯದವರಿರಲಿಲ್ಲ. ಮದುವೆ ಗೊತ್ತಾದ ಮನೆಯವರು ಬಂಗಾರಕ್ಕೆಂದು ಪತ್ತಾರನ ಹತ್ತಿರ ಹೋಗುವ ಮೊದಲು ಅವನ ಅಂಗಡಿಗೆ ಬಂದು ಹಂಡೆ, ಕೊಡ, ತಂಬಿಗೆಗಳನ್ನು ನೋಡಿ ಹೋಗುತ್ತಿದ್ದರು. ಬೆರಳಿನ ಗೆಣ್ಣಿನಿಂದ ಕೊಡವನ್ನು ಬಡಿದು, ಬರೀ ಸಪ್ಪಳದ ಮೇಲೆ ಇದು ಖರೆ ತಾಮ್ರ, ಇದು ಬೆರಕೆ ಎಂದು ಹೇಳುವ ಕಿವಿ ಅವನದು. ಇಂಥ ಗಟ್ಟಿ ವ್ಯಾಪಾರಿಗೆ ನಲವತ್ತರ ಹತ್ತಿರ ಬಂದಾಗ ಒಂದು ಹುಚ್ಚು ಹತ್ತಿತು. ಕೆಲವರಿಗೆ ಇಸ್ಪೀಟಿನ ಹುಚ್ಚು, ಕೆಲವರಿಗೆ ನಾಟಕದ ಹುಚ್ಚು ಇದ್ದ ಹಾಗೆ ಇವನಿಗೆ ಮೀನಿನ ಹುಚ್ಚು.

ತಿನ್ನುವ ಮೀನಲ್ಲ, ನೋಡುವ ಮೀನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಊರಿಗೆ ಇಷ್ಟನ್ನು ತಿಳಿಸಿ ಹೇಳುವಷ್ಟರಲ್ಲಿ ಪಾಪ ಗುರುಲಿಂಗಪ್ಪನಿಗೆ ಸಾಕುಸಾಕಾಗಿತ್ತು. ಕೊರಳಲ್ಲಿ ಲಿಂಗ, ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಮೀನಿನ ಬರಣಿ ಎಂದರೆ ಜನ ಸುಮ್ಮನಿರುತ್ತಾರೆಯೇ? ಸಾವಕಾರ ಕದ್ದು ತಿನ್ನುತ್ತಾನಂತೆ ಎಂದು ಕೆಲವರು, ವೈದ್ಯರು ಔಷಧಕ್ಕೆ ಹೇಳಿದ್ದಾರಂತೆ ಎಂದು ಕೆಲವರು. ನಿಜ ಸಂಗತಿ ಎಂದರೆ ಖರೀದಿಗೆಂದು ಮುಂಬಯಿಗೆ ಹೋದಾಗ ಯಾರೋ ಅವನನ್ನು ಸಮುದ್ರದ ದಂಡೆಯಲ್ಲಿದ್ದ ಮೀನಿನ ಮನೆಗೆ ಕರೆದುಕೊಂಡು ಹೋಗಿದ್ದರು. ಗಾಜಿನ ಹಿಂದೆ ಬಣ್ಣಬಣ್ಣದ ಮೀನುಗಳನ್ನು ಕಂಡವನು ಖರೀದಿ ಮರೆತು ಸಂಜೆಯ ತನಕ ಅಲ್ಲೇ ನಿಂತ.

ಊರಿಗೆ ಬಂದ ಮೇಲೆ ಗೋಕಾಕದ ಕಬ್ಬಿಣದ ಕೆಲಸದವನಿಂದ ಒಂದು ಚೌಕಟ್ಟು ಮಾಡಿಸಿ, ನಾಲ್ಕೂ ಕಡೆ ಗಾಜು ಕೂಡಿಸಿ, ಪಡಸಾಲೆಯ ಮೂಲೆಯಲ್ಲಿ ಇಟ್ಟ. ಅದು ಸೋರಿತು. ಮೇಣ ಮೆತ್ತಿದ, ಸೋರಿತು. ಡಾಂಬರು ಹಚ್ಚಿದ ಮೇಲೆ ಮನಸ್ಸು ಬಂದಾಗ ಮಾತ್ರ ಸೋರತೊಡಗಿತು. ಅದರಲ್ಲಿ ಹಳ್ಳದ ಪುಟ್ಟ ಮೀನುಗಳನ್ನು ಬಿಟ್ಟು, ಅವುಗಳ ಊಟಕ್ಕೆಂದು ಮುಂಜಾನೆ ಅರಿವೆಯ ಜಾಳಿಗೆ ಹಿಡಿದು ನಿಂತ ನೀರಿನಲ್ಲಿ ಸೊಳ್ಳೆಮರಿ ಸೋಸುತ್ತಿದ್ದ. ಭಾಂಡೆ ಸಾವಕಾರ ಗಟಾರ ಸೋಸುತ್ತಾನೆ ಎಂದು ಊರೆಲ್ಲ ನಕ್ಕಿತು. ಅವನ ತಾಯಿ ಪಾರವ್ವ ಮಾತ್ರ ನಗಲೂ ಇಲ್ಲ, ಬಯ್ಯಲೂ ಇಲ್ಲ. ಒಲೆಯ ಹತ್ತಿರ ತರದಿದ್ದರೆ ಸಾಕು ಎಂದಳು, ಅಷ್ಟೆ.

ಹೀಗಿರುವಾಗ ಒಂದು ದಿನ ಹುಕ್ಕೇರಿಯ ಸತ್ತೆಪ್ಪ ಅಂಗಡಿಯ ಮುಂದೆ ಬಂದು ನಿಂತ. ಊರೂರು ತಿರುಗಿ ಮೈಲಿಬೇನೆಯ ಚುಚ್ಚುಮದ್ದು ಹಾಕುವ ಸರಕಾರಿ ನೌಕರ ಅವನು. ಆ ಬೇನೆಗೆ ದೇವಿ ಎನ್ನುವ ಜನ ಅವನನ್ನು ದೇವಿ ಡಾಕ್ಟರ ಎನ್ನುತ್ತಿದ್ದರು. ಅವನ ಕೈಚೀಲ ಕಂಡರೆ ಮಕ್ಕಳು ಕಣಜದ ಹಿಂದೆ ಅಡಗುತ್ತಿದ್ದರು. ಯಾವ ಕೇರಿಯ ನೀರನ್ನು ಊರು ಮುಟ್ಟುವುದಿಲ್ಲವೋ ಆ ಕೇರಿಯಲ್ಲಿ ಹುಟ್ಟಿದವನು. ಆದ್ದರಿಂದ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ, ಕೆಳಗೇ ನಿಂತ. ಆದರೆ ರೊಕ್ಕದ ಗಲ್ಲೆಯ ಪಕ್ಕದ ಗಾಜಿನ ಬರಣಿಯಲ್ಲಿದ್ದ ಮೀನಿನ ಮೇಲಿಂದ ಅವನು ಕಣ್ಣು ಕೀಳಲೇ ಇಲ್ಲ. ಇದಕ್ಕೆ ಉಸಿರು ಸಾಲದು, ಅಗಲ ಬಾಯಿಯ ಪಾತ್ರೆ ಬೇಕು ಎಂದ. ಗುರುಲಿಂಗಪ್ಪ ಗಿರಾಕಿಯನ್ನು ಅರ್ಧಕ್ಕೆ ಬಿಟ್ಟು ಮೆಟ್ಟಿಲಿಳಿದು ಬಂದ. ಇಬ್ಬರು ಹುಚ್ಚರು ಸಿಕ್ಕರೆ ಕೇಳಬೇಕೇ? ಹೊತ್ತು ಹೋದದ್ದೇ ತಿಳಿಯಲಿಲ್ಲ.

ಸತ್ತೆಪ್ಪನ ಅಳಿಯ ಮುಂಬಯಿಯಲ್ಲಿ ಹಡಗು ನಿಲ್ಲುವ ಗೋದಿಯಲ್ಲಿ ಕೆಲಸಕ್ಕಿದ್ದ. ಅವನು ತಂದುಕೊಟ್ಟ ಮೀನಿನಿಂದ ಮರಿ ಮಾಡಿಸಿ, ಸತ್ತೆಪ್ಪ ಹುಕ್ಕೇರಿಯಲ್ಲಿ ಏಂಜಲ್ ಮೀನು ಬೆಳೆಸಿದ್ದ. ಆ ಹೆಸರು ಗುರುಲಿಂಗಪ್ಪನಿಗೆ ಮುಂಬಯಿಯಿಂದಲೇ ಬಾಯಿಪಾಠ. ಅಂಗೈಯಷ್ಟು ಅಗಲ, ಎಲೆಯಷ್ಟು ತೆಳು, ಬೆಳ್ಳಿಯ ಮೈಮೇಲೆ ಕರಿ ಪಟ್ಟಿ, ಮೇಲೆ ಕೆಳಗೆ ಉದ್ದುದ್ದ ರೆಕ್ಕೆ. ಮುಂಬಯಿಯಲ್ಲಿ ಅದರ ಮುಂದೆಯೇ ಅವನು ಸಂಜೆ ಮಾಡಿದ್ದು. ರೈಲಿನಲ್ಲಿ ಬದುಕುವುದಿಲ್ಲ ಎಂದು ಅಲ್ಲಿನ ಮೀನಿನ ಅಂಗಡಿಯವರು ಕೊಟ್ಟಿರಲಿಲ್ಲ. ಈಗ ಹುಕ್ಕೇರಿಯಲ್ಲೇ ಇದೆಯಂತೆ! ಮಾರುವುದಿಲ್ಲ, ಸಾಕುವವರಿಗೆ ಹಾಗೇ ಕೊಡುತ್ತೇನೆ, ಬಂದು ಒಯ್ಯಿರಿ ಎಂದು ಸತ್ತೆಪ್ಪ ಹೇಳಿಹೋದ.

ಆ ದಿನ ಗುರುಲಿಂಗಪ್ಪ ಹೊತ್ತಿಗೆ ಮೊದಲೇ ಅಂಗಡಿ ಮುಚ್ಚಿ ಮನೆಗೆ ಬಂದ. ಹುಕ್ಕೇರಿಯಿಂದ ಏಂಜಲ್ ಮೀನು ತರುವವನಿದ್ದೇನೆ ಎಂದು ತಾಯಿಗೆ ಹೇಳಿದ. ಪಾರವ್ವ ರೊಟ್ಟಿ ಬಡಿಯುವ ಕೈ ನಿಲ್ಲಿಸಿ ಕೇಳಿದಳು:

"ಯಾರ ಎಂಜಲಪಾ ಅದು?"

ಎಂಜಲಲ್ಲ, ಏಂಜಲ್, ಇಂಗ್ಲಿಷಿನಲ್ಲಿ ದೇವದೂತ ಎಂದರ್ಥ ಎಂದು ಅವನು ತಿಳಿಸಿ ಹೇಳಿದ. ಅದಿರಲಿ, ತರುವುದು ಯಾರ ಮನೆಯಿಂದ ಎಂದಳು. ಸರಕಾರಿ ನೌಕರರ ಮನೆಯಿಂದ ಎಂದ. ಸರಕಾರಿ ನೌಕರರಿಗೆ ಹೆಸರಿಲ್ಲವೇ ಎಂದಳು. ಹೆಸರು ಹೇಳಲೇಬೇಕಾಯಿತು.

"ಹಂಗಾದ್ರ ಹೆಸರ ಬರೋಬರಿ ಐತಿ ಬಿಡು," ಎಂದಳು ಪಾರವ್ವ. "ಮೀನ ಬೇಕಾದ್ರ ತಾ. ಅವರ ಮನಿ ನೀರು ಮಾತ್ರ ನನ್ನ ಹೊಸ್ತಿಲ ದಾಟಬಾರ್ದು."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಭಾಂಡೆ ವ್ಯಾಪಾರಿಯ ತಲೆಗೆ ಹೊಳೆದದ್ದು ಭಾಂಡೆಯೇ. ಮಣ್ಣಿನ ಪಾತ್ರೆಗೆ ತಾಗಿದ ಮೈಲಿಗೆ ಹೋಗುವುದಿಲ್ಲ, ತಾಮ್ರಕ್ಕೆ ಮೈಲಿಗೆಯೇ ಇಲ್ಲ ಎಂದು ಅಪ್ಪನ ಕಾಲದಿಂದ ಗಿರಾಕಿಗಳಿಗೆ ಹೇಳುತ್ತ ಬಂದವನು ಅವನು. ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ಚೆಂದದ ಹೊಸ ತಾಮ್ರದ ಕೊಡವನ್ನು ಹುಣಸೆಹಣ್ಣು ಹಚ್ಚಿ ಥಳಥಳ ತಿಕ್ಕಿ, ಚೀಲದಲ್ಲಿ ಮುಚ್ಚಿಟ್ಟುಕೊಂಡು ಹುಕ್ಕೇರಿಯ ಬಸ್ಸು ಹತ್ತಿದ.

ಸತ್ತೆಪ್ಪ ಒಂದು ಜೋಡಿಯನ್ನು ಅಗಲ ಬಾಯಿಯ ಗಡಿಗೆಯಲ್ಲಿ, ತನ್ನ ತೊಟ್ಟಿಯ ನೀರಿನ ಸಮೇತ ಹಾಕಿ, ಬಾಯಿಗೆ ತೆಳು ಅರಿವೆ ಕಟ್ಟಿ ಕೊಟ್ಟ. ಮಗಳನ್ನು ಗಂಡನ ಮನೆಗೆ ಕಳಿಸುವವನಂತೆ ಮತ್ತೆ ಮತ್ತೆ ಹೇಳಿದ: ದಾರಿಯಲ್ಲಿ ನೀರು ಬದಲಿಸಬಾರದು. ಮನೆಗೆ ಹೋದ ಮೇಲೆ ನಿಮ್ಮ ನೀರನ್ನು ಸಣ್ಣ ಬಟ್ಟಲಿನಿಂದ ಒಂದೊಂದೇ ವಾಟಗದಂತೆ ಈ ನೀರಿಗೆ ಕೂಡಿಸಬೇಕು. ಎರಡೂ ನೀರು ಒಗ್ಗಿದ ಮೇಲೆಯೇ ತೊಟ್ಟಿಗೆ ಬಿಡಬೇಕು. ಗುರುಲಿಂಗಪ್ಪ ಎಲ್ಲದಕ್ಕೂ ಹೂಂ ಎಂದ.

ಗೋಕಾಕದಲ್ಲಿ ಬಸ್ಸು ಬದಲಿಸಬೇಕು. ನಡುವೆ ಸಿಕ್ಕ ಹೊತ್ತಿನಲ್ಲಿ ಅವನು ಘಟಪ್ರಭೆಯ ದಂಡೆಗಿಳಿದು, ಅತ್ತಿತ್ತ ನೋಡಿ, ಸತ್ತೆಪ್ಪನ ನೀರನ್ನು ಹೊಳೆಗೆ ಚೆಲ್ಲಿದ. ತಾಮ್ರದ ಕೊಡದ ತುಂಬ ಹೊಳೆಯ ಹೊಸ ನೀರು ತುಂಬಿ ಮೀನುಗಳನ್ನು ಅದಕ್ಕೆ ಬಿಟ್ಟ. ಗಡಿಗೆಯನ್ನು ಜಾಲಿಯ ಮರೆಯಲ್ಲಿ ಬಿಟ್ಟುಬಂದ. ಅವ್ವನ ಮಾತೂ ಉಳಿಯಿತು, ಮೀನೂ ಬಂತು ಎಂದು ಹಿಗ್ಗುತ್ತ ಬಸ್ಸಿನಲ್ಲಿ ಕುಳಿತ. ಮನೆಗೆ ಬಂದು ನೋಡಿದರೆ ಎರಡೂ ಮೀನು ಮಗ್ಗುಲಾಗಿ ತೇಲುತ್ತಿದ್ದವು.

ಅವನು ಕೊಡದ ಮುಂದೆ ಕುಕ್ಕರಗಾಲಲ್ಲಿ ಕುಳಿತೇ ಇದ್ದ. ಪಾರವ್ವ ಬಂದು ಬಗ್ಗಿ ನೋಡಿದಳು. ಬಯ್ಯುತ್ತಾಳೆ ಎಂದುಕೊಂಡಿದ್ದ. ಅವಳು ಎರಡನ್ನೂ ಬಾಳೆಯೆಲೆಯ ಮೇಲೆ ಎತ್ತಿಕೊಂಡು ಹಿತ್ತಲಿನ ಮಲ್ಲಿಗೆ ಗಿಡದ ಬುಡದಲ್ಲಿ ಹುಗಿದಳು. ಒಂದು ಇರುವೆ ತುಳಿದರೂ ಶಿವಶಿವಾ ಎನ್ನುವ ಹೆಂಗಸು. ನಮ್ಮ ಮನೆಯಲ್ಲಿ ಎರಡು ಜೀವ ಹೋದವಲ್ಲ ಎಂದು ಆ ದಿನ ಉಣ್ಣಲಿಲ್ಲ. ಪಕ್ಕದ ಕಿರಾಣಿ ಅಂಗಡಿಯ ಬಸವಣ್ಣೆಪ್ಪ ಬಂದು, ಅಂಥವರ ಮನೆಯ ಮೀನು ನಮಗೆ ಆಗಿಬರುವುದಿಲ್ಲ ಎಂದು ಸಮಾಧಾನ ಹೇಳಿದ. ಹಾಗೂ ಇರಬಹುದೇನೋ ಎಂದು ಗುರುಲಿಂಗಪ್ಪನಿಗೂ ಒಂದು ಗಳಿಗೆ ಅನಿಸಿತು. ಅನಿಸಿದ್ದಕ್ಕೆ ಆಮೇಲೆ ಬಹಳ ನಾಚಿದ.

ಮುಂದಿನ ವಾರ ಮತ್ತೆ ಹುಕ್ಕೇರಿಗೆ ಹೋದ. ದಾರಿಯುದ್ದಕ್ಕೂ ಹೇಳಬೇಕಾದ ಸುಳ್ಳನ್ನು ಹೆಣೆದುಕೊಂಡಿದ್ದ: ಬಸ್ಸು ಬಹಳ ಕುಲುಕಿತು, ಬಿಸಿಲು ಬಹಳ ಇತ್ತು. ಸತ್ತೆಪ್ಪ ಎಲ್ಲ ಕೇಳಿ ಮರುಗಿದ. ಹೊಸದರಲ್ಲಿ ಹೀಗಾಗುತ್ತದೆ, ನನ್ನವೂ ಎಷ್ಟೋ ಹೋಗಿವೆ ಎಂದು ಅವನೇ ಸಂತೈಸಿದ. ಆಮೇಲೆ ಸಹಜವಾಗಿ ಕೇಳಿದ:

"ನನ್ನ ಗಡಿಗಿ ತಂದಿರೇನ್ರಿ ಸಾವಕಾರ್ರ?"

ಗಡಿಗೆಗೆ ಗುರುಲಿಂಗಪ್ಪ ಸುಳ್ಳು ಹೆಣೆದಿರಲಿಲ್ಲ. ತಡವರಿಸಿದ, ಕೊಡದ ಹೆಸರು ಹೊರಗೆ ಬಂತು, ಹೊಳೆಯ ಹೆಸರೂ ಬಂತು. ತಾಮ್ರ ನಮಗೆ ಚೊಕ್ಕ, ಮೀನಿಗೆ ವಿಷ, ಹೊಸ ತಾಮ್ರವಂತೂ ಕಡುವಿಷ, ಅದರ ಮೇಲೆ ಒಮ್ಮೆಲೇ ನೀರು ಬೇರೆ ಬದಲಾಯಿತು ಎಂದ ಸತ್ತೆಪ್ಪ. ಸಿಟ್ಟಿನಿಂದ ಹೇಳಲಿಲ್ಲ. ಅವನ ಮುಖ ಮಾತ್ರ ಸಣ್ಣದಾಗಿತ್ತು.

"ನಿಮ್ಮ ಊರಾಗ ಎಲ್ಲಾರೂ ಸೂಜಿಗೆ ನನ್ನ ಮುಂದ ತೋಳ ಹಿಡೀತಾರ್ರಿ," ಎಂದ ಕೊನೆಗೆ. "ನನ್ನ ಕೈ ನಡೀತೈತಿ, ನೀರು ನಡಿಯಂಗಿಲ್ಲ. ಅದು ನಮಗ ರೂಢಿ ಆಗೈತಿ, ಮೀನಿಗೆ ತಿಳಿಯಂಗಿಲ್ರಿ. ಇನ್ನೊಂದು ಜೋಡಿ ಕೊಡತೇನಿ. ನೀರಿನ ಸಮೇತ ಒಯ್ಯತೀರಂದ್ರ ಒಯ್ರಿ. ಇಲ್ಲಂದ್ರ ಬ್ಯಾಡ್ರಿ."

ಗುರುಲಿಂಗಪ್ಪ ತಲೆ ಎತ್ತದೆ ಒಯ್ಯುತ್ತೇನೆ ಎಂದ.

ಈ ಸಲ ಗಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಿಂದ ತಬ್ಬಿ ಕುಳಿತ. ಕಂಡಕ್ಟರ ಮಜ್ಜಿಗೆಯೇನು ಎಂದು ಕೇಳಿದ. ಕೌಜಲಗಿಯ ಕಡೆಯ ಮುದುಕಿಯೊಬ್ಬಳು ದೇವರ ತೀರ್ಥವೆಂದು ತಿಳಿದು ಗಡಿಗೆಗೆ ಕೈ ಮುಗಿದಳು. ಗುರುಲಿಂಗಪ್ಪ ಗೋಕಾಕದಲ್ಲಿ ಹೊಳೆಯ ಕಡೆ ಮುಖ ಕೂಡ ಹಾಕಲಿಲ್ಲ.

ಮನೆಯ ಹೊಸ್ತಿಲಲ್ಲಿ ಪಾರವ್ವ ನಿಂತಿದ್ದಳು. ಗಡಿಗೆ ನೋಡಿದಳು, ಮಗನ ಮುಖ ನೋಡಿದಳು. ಯಾರ ನೀರು ಎಂದು ಕೇಳಲಿಲ್ಲ, ಅದು ಅವಳಿಗೆ ಗೊತ್ತೇ ಇತ್ತು.

"ಬ್ಯಾರೆ ನೀರಿಗೆ ಹಾಕಿದ್ರ ಬದಕಂಗಿಲ್ಲೇನು?"

"ಇಲ್ಲಬೇ ಯವ್ವಾ. ಆವತ್ತ ನಾನ ಚೆಲ್ಲಿ ಕೊಂದೆ."

ಗಡಿಗೆಯೊಳಗೆ ಒಂದು ಮೀನು ಪುಳಕ್ಕೆಂದಿತು. ಪಾರವ್ವ ಸೆರಗು ಸರಿಮಾಡಿಕೊಂಡು ಪಕ್ಕಕ್ಕೆ ಸರಿದಳು. ನೀರಿನ ಪಾಪಕ್ಕಿಂತ ಜೀವದ ಪಾಪ ದೊಡ್ಡದು ಎಂದು ತನ್ನಷ್ಟಕ್ಕೆ ಅಂದುಕೊಂಡದ್ದು ಮಗನಿಗೆ ಕೇಳಿಸಿತು.

ವಾಟಗದಿಂದ ನೀರು ಕೂಡಿಸುತ್ತ ಕೂಡಿಸುತ್ತ ಅವನು ಊಟವನ್ನೂ ಮರೆತ. ಮೀನು ಬದುಕಿದವು. ಬದುಕಿ, ತಿಂದು, ಅಂಗೈಯಗಲ ಬೆಳೆದವು. ಸಂಜೆ ಕಂದೀಲಿನ ಬೆಳಕಿನಲ್ಲಿ ಅವು ತೇಲುವುದನ್ನು ನೋಡಲು ಪಡಸಾಲೆಯ ತುಂಬ ಜನ. ಆಗಿಬರುವುದಿಲ್ಲ ಎಂದಿದ್ದ ಬಸವಣ್ಣೆಪ್ಪನೇ ಬೀಗರನ್ನು ಕರೆತಂದು ತೋರಿಸಿದ. ಪಾರವ್ವ ಸಾಯುವವರೆಗೂ ಏಂಜಲ್ ಎನ್ನಲಿಲ್ಲ, 'ನಮ್ಮ ಎಂಜಲವ್ವ' ಎಂದೇ ಕರೆದಳು. ಆದರೆ ಮುಂಜಾನೆ ಲಿಂಗಪೂಜೆ ಮುಗಿಸಿ ಎದ್ದವಳು ಮೊದಲು ನೋಡುತ್ತಿದ್ದುದು ಆ ತೊಟ್ಟಿಯನ್ನು.

ಮರುವರ್ಷ ಮೀನು ಮೊಟ್ಟೆ ಇಟ್ಟವು. ಹೆತ್ತವರೇ ಮೊಟ್ಟೆ ತಿಂದುಬಿಡುವುದುಂಟು ಎಂದು ಸತ್ತೆಪ್ಪ ಹಿಂದೊಮ್ಮೆ ಹೇಳಿದ್ದ. ಗುರುಲಿಂಗಪ್ಪ ಬಸ್ಸಿನ ಕಂಡಕ್ಟರನ ಕೈಯಲ್ಲಿ ಅವನಿಗೆ ಹೇಳಿ ಕಳಿಸಿದ. ಸತ್ತೆಪ್ಪ ಮರುದಿನವೇ ಮೊದಲ ಬಸ್ಸಿಗೆ ಬಂದಿಳಿದ.

ಇಲ್ಲಿ ಗುರುಲಿಂಗಪ್ಪನ ಜಾಣತನ ನೋಡಬೇಕು. ಸತ್ತೆಪ್ಪನನ್ನು ಒಳಗೆ ಕರೆದರೆ ಅವ್ವ ಏನನ್ನುತ್ತಾಳೋ, ಓಣಿ ಏನನ್ನುತ್ತದೋ. ಕರೆಯದಿದ್ದರೆ ಮೊಟ್ಟೆ ನೋಡುವುದು ಹೇಗೆ? ಅವನು ಬಸವಣ್ಣೆಪ್ಪನನ್ನು ಕರೆದ. ಇಬ್ಬರೂ ಸೇರಿ ಆ ಗಾಜಿನ ತೊಟ್ಟಿಯನ್ನೇ ಬಾಗಿಲ ಹತ್ತಿರ ಎಳೆಯತೊಡಗಿದರು. ಕಟ್ಟೆಯ ಮೇಲೆ ನಿಂತೇ ನೋಡಬಹುದಲ್ಲ, ಯಾರಿಗೂ ಮುಜುಗರವಿಲ್ಲ! ನೀರು ತುಳುಕಿತು, ಡಾಂಬರು ಬಿಟ್ಟುಕೊಂಡಿತು, ಮೀನು ಬೆದರಿ ಗಾಜಿಗೆ ಬಡಿದುಕೊಂಡವು. ಹೊರಗೆ ಸತ್ತೆಪ್ಪ ಚಪ್ಪಲಿ ಬಿಟ್ಟು, ಕೈಚೀಲ ಎದೆಗವಚಿಕೊಂಡು, ಬ್ಯಾಡ್ರಿ ಬ್ಯಾಡ್ರಿ, ಮೊಟ್ಟಿ ಉದುರತಾವು ಎನ್ನುತ್ತ ಚಡಪಡಿಸುತ್ತಿದ್ದ. ಒಳಗೆ ಒಂದು ಹೆಜ್ಜೆ ಮಾತ್ರ ಇಡಲಿಲ್ಲ.

ಸಪ್ಪಳ ಕೇಳಿ ಅಡುಗೆಮನೆಯಿಂದ ಪಾರವ್ವ ಬಂದಳು. ಎಳೆಯುತ್ತಿದ್ದ ಇಬ್ಬರನ್ನೂ, ಕಟ್ಟೆಯ ಮೇಲಿದ್ದವನನ್ನೂ ನೋಡಿದಳು. ತೊಟ್ಟಿ ಎಲ್ಲಿತ್ತೋ ಅಲ್ಲೇ ಇಡಿರಿ ಎಂದು ಮಗನಿಗೆ ಹೇಳಿ ಬಾಗಿಲಿಗೆ ಬಂದಳು.

"ನಿನ್ನ ನೀರು ಒಳಗ ಬಂದು ವರ್ಷ ಆತಲ್ಲೋ ತಮ್ಮಾ," ಎಂದಳು. "ನೀ ಯಾಕ ಹೊರಗ ನಿಂತಿ?"

ಸತ್ತೆಪ್ಪ ಕೈಚೀಲವನ್ನು ಕಟ್ಟೆಯ ಮೇಲಿಟ್ಟ, ಮತ್ತೆ ಎತ್ತಿಕೊಂಡ, ಆಮೇಲೆ ತಲೆ ತಗ್ಗಿಸಿ ಹೊಸ್ತಿಲು ದಾಟಿದ. ತೊಟ್ಟಿಯ ಮುಂದೆ ಮೊಣಕಾಲೂರಿ ಗಾಜಿಗೆ ಮುಖ ಹಚ್ಚಿ, ಮೊಟ್ಟೆಯೆಲ್ಲ ಚೆನ್ನಾಗಿವೆ ಎಂದ.

ಗುರುಲಿಂಗಪ್ಪ ತೊಟ್ಟಿಯ ಅಂಚು ಹಿಡಿದುಕೊಂಡೇ ನಿಂತಿದ್ದ. ಅವ್ವ ಬಾಗಿಲಲ್ಲಿ ಆಡಿದ ಮಾತು ಅವನಿಗೆ ಗೊತ್ತಿರಲಿಲ್ಲ ಎಂದಲ್ಲ. ವರ್ಷದಿಂದ ಅದು ಅವನ ನಾಲಿಗೆಯ ತುದಿಯಲ್ಲೇ ಇತ್ತು. ಗೆಳೆಯನಿಗೆ ತಾನು ಹೇಳಬೇಕಾಗಿದ್ದುದನ್ನು ಮುದುಕಿ ಹೇಳಿ, ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಚಹಾ ಇಡಲು ಒಳಗೆ ಹೋದಳು.