ಜ್ವರಕ್ಕೆ ಕೂತವರು

ಆಗೆಲ್ಲ ಚಳ್ಳಕೆರೆಯಲ್ಲಿ ಪರೀಕ್ಷೆ ಮುಗಿದ ಮಾರನೇ ದಿನವೇ ಮಕ್ಕಳನ್ನು ಬಸ್ಸು ಹತ್ತಿಸಿ ಅಜ್ಜಿಯ ಊರಿಗೆ ಸಾಗಹಾಕುತ್ತಿದ್ದರು. ನಿಮ್ಮನ್ನೂ ಎಲ್ಲಿಗೋ ಸಾಗಹಾಕಿರುತ್ತಾರೆ. ನಮ್ಮ ಮೇಲಿನ ಪ್ರೀತಿಗೆ ಅಂತ ನಾವು ತಿಳಿದಿದ್ದೆವು. ಮನೆಯವರಿಗೆ ಬೇಕಾಗಿದ್ದದ್ದು ಕಿವಿಗೆ ಒಂದಿಷ್ಟು ನೆಮ್ಮದಿ, ಅಷ್ಟೇ. ನನ್ನನ್ನು ಕಳಿಸುವ ದಿನವಂತೂ ಹಬ್ಬ. ಯಾಕೆಂದರೆ ನಾನು ಮಾತಾಡುತ್ತಿದ್ದುದು ಕಡಿಮೆ, ಅಣಕಿಸುತ್ತಿದ್ದುದು ಜಾಸ್ತಿ. ಮಂಡಿಯಲ್ಲಿ ಶೇಂಗಾ ಹರಾಜು ಕೂಗುವವನ ದನಿ, ಗಣಿತದ ಮೇಷ್ಟ್ರು ಮೂಗಿನಲ್ಲಿ ಹೇಳುವ ಮಗ್ಗಿ, ಅಪ್ಪನ ಗೊರಕೆ, ಎಲ್ಲವೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದವು. ನನ್ನ ಸ್ವಂತ ದನಿಗೆ ಮಾತ್ರ ಅಲ್ಲಿ ಜಾಗ ಇರಲಿಲ್ಲ. ಇದ್ದಿದ್ದರೂ ಅಷ್ಟರಲ್ಲೇ ಇತ್ತು, ಒಡೆದ ಪೀಪಿ.

ಅಜ್ಜಿಯ ಊರು ಮೊಳಕಾಲ್ಮೂರು ದಾಟಿ ಆಂಧ್ರದ ಗಡಿಗೆ ಮೈ ತಿಕ್ಕಿಕೊಂಡಿದ್ದ ಹಳ್ಳಿ. ಮನೆಯಲ್ಲಿದ್ದವರು ಅಜ್ಜಿ, ಅವ್ವನ ತಮ್ಮ ಸೋಮಣ್ಣ ಮಾಮ, ಮತ್ತು ಗಂಗಿ. ಗಂಗಿ ನನ್ನ ಚಿಕ್ಕವ್ವನ ಮಗಳು. ಹೆರಿಗೆಗೆಂದು ತವರಿಗೆ ಬಂದಿದ್ದ ಚಿಕ್ಕವ್ವ ಅವಳನ್ನು ಹಡೆದು, ಬಾಣಂತಿ ಜ್ವರ ಬಂದು ತೀರಿಕೊಂಡಿದ್ದಳು. ಗಂಗಿಯ ಅಪ್ಪ ರಾಯದುರ್ಗದ ಕಡೆ ಇನ್ನೊಂದು ಮದುವೆ ಮಾಡಿಕೊಂಡ. ಮಗು ಅಜ್ಜಿಯ ಮಡಿಲಲ್ಲೇ ಉಳಿಯಿತು. ನಾನು ಹೇಳುತ್ತಿರುವ ಬೇಸಿಗೆಯಲ್ಲಿ ಅವಳಿಗೆ ಐದು ವರ್ಷ, ನನಗೆ ಹತ್ತೋ ಹನ್ನೊಂದೋ.

ಮಾಮ ರೇಷ್ಮೆ ಹುಳ ಸಾಕುತ್ತಿದ್ದ. ಹಿತ್ತಲಲ್ಲಿ ಉದ್ದನೆಯ ಹಂಚಿನ ಮನೆ. ಅದನ್ನು ಹುಳದ ಮನೆ ಅಂತಲೇ ಕರೆಯುತ್ತಿದ್ದರು. ಒಳಗೆ ಕಾಲಿಟ್ಟರೆ ಹಸಿ ಸೊಪ್ಪು, ಸುಣ್ಣ, ಹುಳದ ಹಿಕ್ಕೆ ಮೂರೂ ಕಲೆತ ಒಂದು ವಾಸನೆ. ಸಾವಿರಾರು ಹುಳ ಒಟ್ಟಿಗೆ ಮೇಯುವ ಸದ್ದು, ಒಣಗಿದ ಶೇಂಗಾ ಬಳ್ಳಿಯ ಮೇಲೆ ಯಾರೋ ಬರಿಗಾಲಲ್ಲಿ ನಡೆದ ಹಾಗೆ. ಝಳಕ್ಕೆ ಹುಳ ಸಾಯಬಾರದೆಂದು ಕಿಟಕಿಗೆಲ್ಲ ಗೋಣಿಚೀಲ ನೇತುಹಾಕಿರುತ್ತಿದ್ದರು. ಅವನ್ನು ಒದ್ದೆ ಮಾಡುವುದು ನನ್ನ ಮತ್ತು ಗಂಗಿಯ ಕೆಲಸ. ಅರ್ಧ ನೀರು ಗೋಣಿಗೆ, ಉಳಿದರ್ಧ ಒಬ್ಬರ ತಲೆಗೊಬ್ಬರು. ಆಮೇಲೆ ಹಿಪ್ಪುನೇರಳೆ ಸೊಪ್ಪಿನ ತೋಟಕ್ಕೆ ನುಗ್ಗಿ ಗಿಡದಲ್ಲಿ ಹಣ್ಣಾದ ಕಪ್ಪು ಹಣ್ಣು ತಿಂದು ನಾಲಿಗೆ ಬಣ್ಣ ಮಾಡಿಕೊಂಡು ಬರುವುದು, ಸಜ್ಜೆ ರೊಟ್ಟಿಗೆ ಶೇಂಗಾ ಚಟ್ನಿ ಸವರಿಕೊಂಡು ಅಜ್ಜಿಯ ಎದುರು ಕೂರುವುದು.

ಆ ಮನೆಯಲ್ಲಿ ನನ್ನ ಬಾಯಿಗೆ ಬೀಗ ಬೀಳುತ್ತಿದ್ದುದು ಹುಳಗಳಿಗೆ ಜ್ವರ ಬಂದಾಗ. ರೇಷ್ಮೆ ಸಾಕಿದವರಿಗೆ ಇದು ಗೊತ್ತು, ಉಳಿದವರಿಗೆ ಹೇಳುತ್ತೇನೆ. ಅದು ಮೈ ಸುಡುವ ಜ್ವರವಲ್ಲ. ಹುಳ ಬೆಳೆದಂತೆ ಅದರ ಚರ್ಮ ಬಿಗಿಯಾಗುತ್ತದೆ. ಆಗ ಮೇವು ಬಿಟ್ಟು, ತಲೆ ಎತ್ತಿ, ಅಲುಗಾಡದೆ ಕೂತುಬಿಡುತ್ತದೆ. ಒಂದು ದಿನಕ್ಕೆ ಹಳೆಯ ಚರ್ಮ ಕಳಚಿ, ದೊಡ್ಡದಾಗಿ, ಹಸಿದು ಏಳುತ್ತದೆ. ಹೀಗೆ ನಾಲ್ಕು ಸಲ. ಇದಕ್ಕೆ ರೈತರು ಇಟ್ಟ ಹೆಸರು ಜ್ವರ. ಹುಳ ಜ್ವರಕ್ಕೆ ಕೂತವು ಅನ್ನುತ್ತಾರೆ, ಜ್ವರ ಎದ್ದವು ಅನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಹುಳ ಹೊಟ್ಟೆ ಬಿರಿಯ ಮೇದು, ಹಣ್ಣಾಗಿ, ಚಂದ್ರಿಕೆ ಅನ್ನುವ ಬಿದಿರಿನ ತಟ್ಟಿಯ ಮೇಲೆ ಗೂಡು ಕಟ್ಟುತ್ತದೆ.

“ಸುಮ್ಕಿರಲಾ ಟೇಪು, ಜ್ವರಕ್ಕೆ ಕೂತಾವೆ. ಊರ್ಕೋ ಸ್ವಲ್ಪ,” ಅನ್ನುತ್ತಿದ್ದಳು ಅಜ್ಜಿ. ಟೇಪು ಅಂದರೆ ನಾನು, ಟೇಪ್ ರೆಕಾರ್ಡರಿನ ಸಂಕ್ಷಿಪ್ತ ರೂಪ. ಸಿಟ್ಟು ಬಂದಾಗ ಅಜ್ಜಿಯ ಮಾತಿನಲ್ಲಿ ತೆಲುಗು ಇಣುಕುತ್ತಿತ್ತು, ಊರ್ಕೋ ಅಂದರೂ ಸುಮ್ಮನಿರು ಅಂತಲೇ.

ಗಂಗಿ ಹುಳದ ತಟ್ಟೆಯ ಅಂಚಿಗೆ ಗಲ್ಲ ಊರಿ ನಿಂತಿದ್ದಳು. “ಅಜ್ಜಿ, ಜ್ವರಕ್ಕೆ ಕೂತಿದ್ದು ಎಲ್ಲಾ ಏಳ್ತಾವಾ?”

“ಏಳ್ದೆ ಏನ್ಮಾಡ್ತಾವೆ? ಏಳ್ತಾವೆ.”

“ಆಮ್ಯಾಲೆ ಗೂಡೊಳಗೆ ಹೋಗ್ತಾವಾ?”

“ಹ್ಞೂಂ ಕಣವ್ವ.”

“ಆಮ್ಯಾಲೆ?”

“ಆಮ್ಯಾಲೆ ಚಿಟ್ಟೆ ಆಗಿ ಹೊರಗೆ ಬರ್ತಾವೆ. ಸರಿ ಅತ್ಲಾಗೆ, ಸೊಪ್ಪು ಹಾಸ್ಬೇಕು.”

ನಾನು ಜ್ವರಕ್ಕೆ ಕೂತ ಹುಳದ ಹಾಗೆ ಕತ್ತು ಎತ್ತಿ, ಕಣ್ಣು ಮೇಲೆ ಮಾಡಿ ಕೂತು ತೋರಿಸಿದೆ. ಬೇರೆ ದಿನವಾಗಿದ್ದರೆ ಗಂಗಿ ಬಿದ್ದು ಬಿದ್ದು ನಗುತ್ತಿದ್ದಳು. ಅವತ್ತು ನನ್ನನ್ನು ಬಹಳ ಹೊತ್ತು ನೋಡಿದಳು, ನಗಲಿಲ್ಲ. ನನ್ನ ಕಲೆಗೆ ಬೆಲೆ ಇಲ್ಲ ಅಂತ ನನಗೆ ಸಿಟ್ಟು ಬಂತು.

ಸೊಪ್ಪಿನ ತೋಟದ ಬದುವಿನಲ್ಲಿ ಚಿಕ್ಕವ್ವನ ಗದ್ದುಗೆ ಇತ್ತು. ನಮ್ಮವರಲ್ಲಿ ಸತ್ತವರನ್ನು ಮಲಗಿಸಿ ಮಣ್ಣು ಮಾಡುವುದಿಲ್ಲ, ಕೂರಿಸುತ್ತಾರೆ. ಮೇಲೆ ಕಟ್ಟಿದ ಗದ್ದುಗೆಗೆ ಸುಣ್ಣ ಬಳಿಯುತ್ತಾರೆ. ಚಿಕ್ಕವ್ವನದು ಪುಟ್ಟದು, ಬೆಳ್ಳಗಿತ್ತು, ನೆತ್ತಿ ದುಂಡಗಿತ್ತು. ಗಂಗಿ ಅವ್ವನನ್ನು ಕೇಳಿದಾಗಲೆಲ್ಲ ಮನೆಯವರು ಅತ್ತ ಕೈ ತೋರಿಸಿ, “ಜ್ವರ ಬಂದಿತ್ತವ್ವ ನಿಮ್ಮವ್ವಗೆ. ಅಗೋ ಅಲ್ಲಿ ಕೂತಾಳೆ,” ಅನ್ನುತ್ತಿದ್ದರು. ಅವರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಹುಳಗಳೆಲ್ಲ ಚಂದ್ರಿಕೆಗೆ ಏರಿ ಗೂಡು ಕಟ್ಟಿದ ಹೊತ್ತಿನಲ್ಲಿ ಕಿಟಕಿಯ ಗೋಣಿ ಒಂದು ಕಾಣೆಯಾಯಿತು.

“ಯಾವೋನ್ಲೇ ಗೋಣಿ ತಗಂಡೋದೋನು? ಟೇಪು, ನಿಂದೇ ಕೆಲ್ಸ!”

ಮಾಮನಿಗೆ ಪ್ರತಿ ಮಾತಿಗೂ ಮೊದಲು ಗಂಟಲು ಕೆರೆಯುವ ಚಟ. ನಾನು ಅವನದೇ ದನಿಯಲ್ಲಿ, “ಹ್ಞಾಂ... ಅದೇನಂದ್ರೆ... ನಾನಲ್ಲ,” ಅಂದೆ. ಬೆನ್ನಿಗೊಂದು ಬಿತ್ತು. ಎರಡನೆಯದು ಬೀಳುವ ಮೊದಲು ಅಜ್ಜಿ ತೋಟದ ಕಡೆ ನೋಡುತ್ತಾ ನಿಂತದ್ದನ್ನು ನೋಡಿ ಮಾಮನ ಕೈ ನಿಂತಿತು.

ಗದ್ದುಗೆಯ ನೆತ್ತಿಯ ಮೇಲೆ ಒದ್ದೆ ಗೋಣಿ ಹೊದಿಸಿತ್ತು. ಗಂಗಿ ಅಂಗೈಯಷ್ಟಗಲದ ಚೊಂಬಿನಲ್ಲಿ ಅದಕ್ಕೆ ನೀರು ಚಿಮುಕಿಸುತ್ತಿದ್ದಳು.

ಮಾಮ ಹತ್ತಿರ ಹೋದವನು ಗದರಲಿಲ್ಲ. “ಏನವ್ವ ಇದು?” ಅಂದ.

“ಶೆಕೆ ಅಲ್ವಾ ಮಾಮ. ಬಿಸ್ಲಿಗೆ ಗೂಡು ಕಾದ್ರೆ ಒಳಗಿರಾದು ಸಾಯ್ತೈತೆ ಅಂತ ನೀನೇ ಅಂದಿದ್ದೆ. ನಮ್ಮವ್ವ ಹೊರಗೆ ಬರಾದು ಬ್ಯಾಡ್ವಾ?”

ಮಾಮ ಗಂಟಲು ಕೆರೆದ. ಮತ್ತೆ ಕೆರೆದ. ನಾನು ಯಾವತ್ತೂ ಬಿಡದೆ ನಕಲು ಮಾಡುತ್ತಿದ್ದ ಸದ್ದು ಅದು. ಅವತ್ತು ನನ್ನ ಬಾಯಿ ಏಳಲಿಲ್ಲ.

ದೊಡ್ಡವರಿಬ್ಬರೂ ಗೋಣಿಯನ್ನು ಹಾಗೇ ಬಿಟ್ಟು ಹೋದರು. ನಾನು ಗಂಗಿಯ ಪಕ್ಕ ಕೂತೆ. ಅವಳು ಗದ್ದುಗೆಗೆ ಕಿವಿ ಇಟ್ಟು ಕೇಳಿ, ಆಮೇಲೆ ನನ್ನ ಕಡೆ ತಿರುಗಿದಳು. “ಅಣ್ಣಾ, ನೀನು ಎಲ್ಲಾರ ದನಿ ಮಾಡ್ತೀಯಲ್ಲ. ನಮ್ಮವ್ವನ ದನಿ ಮಾಡು. ಹೊರಗೆ ಬಂದಾಗ ನಂಗೆ ಗುರ್ತು ಸಿಗ್ಬೇಕು.”

ಚಿಕ್ಕವ್ವನ ದನಿ ನಾನು ಕೇಳಿದ್ದೆ. ನನ್ನನ್ನು ಕಂಕುಳಲ್ಲಿ ಎತ್ತಿಕೊಂಡೇ ಅವಳು ಕೊಟ್ಟಿಗೆಯ ಕರುವನ್ನು ಕರೆಯುತ್ತಿದ್ದಳು. ಅವಳ ಬೆವರಿನ ವಾಸನೆ, ಕಿವಿಯ ಓಲೆ, ಕರು ಓಡಿ ಬಂದದ್ದು ಎಲ್ಲ ನೆನಪಿತ್ತು. ಬಾಯಿ ತೆರೆದೆ. ಬಂದದ್ದು ಬೇರೆಯೇ.

“ಇದು ಅಜ್ಜಿ,” ಅಂದಳು ಗಂಗಿ.

ಇನ್ನೊಂದು ಸಲ ಪ್ರಯತ್ನಿಸಿದೆ. “ಇದೂ ಅಜ್ಜೀನೇ. ಹೋಗ್ಲಿ ಬಿಡು.”

ಸಂಜೆ ಮಾಮ ಗೂಡು ಬಿಡಿಸಿ ಮೂಟೆ ಕಟ್ಟುವಾಗ ಅಜ್ಜಿ ಬಂದು, “ಒಂದು ಬೊಗಸೆ ಇಲ್ಲೇ ಇರ್ಲಿ. ಹುಡುಗಿ ನೋಡ್ಲಿ,” ಅಂದಳು.

“ಚಿಟ್ಟೆ ತೂತು ಮಾಡಿದ್ರೆ ನೂಲು ಬರಲ್ಲ ಅವ್ವ.”

“ನೂಲಿಗಲ್ಲ ಕಣೋ ನಾನು ಕೇಳಿದ್ದು. ನನ್ ಬಾಯಾಗೆ ಹೇಳಾಕಾಗಲ್ಲ. ಅದೇ ಹೇಳ್ಲಿ.”

ಗೂಡುಗಳನ್ನು ಮೊರದಲ್ಲಿ ಹಾಸಿ ನಡುಮನೆಯಲ್ಲಿಟ್ಟರು. ಗಂಗಿ ಊಟ ಮಾಡಿದ್ದೂ ಅದರ ಪಕ್ಕ, ಮಲಗಿದ್ದೂ ಅದರ ಪಕ್ಕ. ಒಂದು ಬೆಳಿಗ್ಗೆ ಅವಳು ನನ್ನ ಕಿವಿ ಹಿಡಿದು ಎಬ್ಬಿಸಿದಳು. ಗೂಡೊಂದರ ತುದಿ ಒದ್ದೆಯಾಗಿತ್ತು. ನೂಲು ಸರಿಸಿ ಒಂದು ತಲೆ, ಆಮೇಲೆ ಮುದುಡಿದ ರೆಕ್ಕೆ, ಆಮೇಲೆ ದಪ್ಪ ಹೊಟ್ಟೆ. ಎಲ್ಲ ಬೆಳ್ಳಗೆ, ಹಿಟ್ಟು ಬಳಿದ ಹಾಗೆ.

“ಬಂತು!” ಗಂಗಿ ಕಿರುಚಿದಳು. “ಅಜ್ಜೀ, ನಿಜ್ವಾಗ್ಲೂ ಬಂತು!”

ಸ್ವಲ್ಪ ಹೊತ್ತಿಗೆ ಇನ್ನೊಂದು ಗೂಡಿನಿಂದ ಸಣ್ಣದೊಂದು ಬಂದು, ರೆಕ್ಕೆ ಪಟಪಟ ಬಡಿಯುತ್ತಾ ಇದರ ಸುತ್ತ ತಿರುಗಿ, ಬಾಲಕ್ಕೆ ಬಾಲ ಅಂಟಿಸಿ ನಿಂತಿತು.

“ಏನ್ ಮಾಡ್ತಾವೆ ಮಾಮ?” ಅಂದೆ. ನನಗೆ ಅರ್ಧ ಗೊತ್ತಿತ್ತು, ಅದಕ್ಕೇ ಕೇಳಿದೆ.

ಮಾಮ ಸೂರು ನೋಡಿದ. “ಹ್ಞಾಂ... ಅದೇನಂದ್ರೆ... ಮಾತಾಡ್ತಾವೆ.”

“ಬೆನ್ನು ತಿರುಗಿಸ್ಕಂಡಾ?”

“ಗಂಡು ಹೆಣ್ಣು ಕೂಡ್ಯಾವೆ ಕಣಲಾ, ಮೊಟ್ಟೆ ಇಡಾಕೆ,” ಅಂದಳು ಅಜ್ಜಿ. “ಅದ್ರಾಗೆ ಮುಚ್ಚಿಡಾದೇನೈತೆ?”

ಗಂಗಿಗೆ ಇದಾವುದೂ ಬೇಕಿರಲಿಲ್ಲ. ಎಳೆ ಸೊಪ್ಪು ತಂದು ಚಿಟ್ಟೆಯ ಮುಂದೆ ಹಿಡಿದಳು. ಅದು ಸೊಪ್ಪಿನ ಮೇಲೆ ಹತ್ತಿ ಇಳಿಯಿತು. ಮತ್ತೆ ಹಿಡಿದಳು.

“ತಿನ್ನಲ್ಲ ಬಿಡವ್ವ. ತಿನ್ನಾಕೆ ಅದಕ್ಕೆ ಬಾಯಿಲ್ಲ.”

“ಹಾರಾಕೆ?”

“ಹಾರಾಕೂ ಬರಲ್ಲ.”

“ಹಂಗಾರೆ ಯಾಕೆ ಬಂತು?”

“ಮೊಟ್ಟೆ ಇಡಾಕೆ.”

“ಇಟ್ಟು?”

ಅಜ್ಜಿ ಸೆರಗಿನಿಂದ ಮೊರದ ಅಂಚು ಒರೆಸಿದಳು. “ಇಟ್ಟು ಹೋಗ್ತೈತೆ.”

ಚಿಟ್ಟೆ ಮೊರಕ್ಕೆ ಹಾಸಿದ್ದ ಕಾಗದದ ಮೇಲೆ ಸಾಸಿವೆಯಂಥ ಹಳದಿ ಮೊಟ್ಟೆಗಳನ್ನು ಸಾಲಾಗಿ ಇಟ್ಟಿತು. ತಿರುಗಿ ಒಂದನ್ನೂ ನೋಡಲಿಲ್ಲ. ಮುಂದಿನ ದಿನಗಳಲ್ಲಿ ಅದರ ರೆಕ್ಕೆ ಸವೆದು, ಹೊಟ್ಟೆ ಬತ್ತಿ, ಕೊನೆಗೆ ಮೊಟ್ಟೆಗಳ ಪಕ್ಕದಲ್ಲೇ ಅಡ್ಡ ಬಿತ್ತು. ಗಂಗಿ ಅದನ್ನು ಬೆರಳಿನಿಂದ ಮುಟ್ಟಿದಳು. ಅಳುತ್ತಾಳೆಂದು ನಾವೆಲ್ಲ ಕಾದೆವು. ನಾನು ಒಂದೆರಡು ಹೊಸ ದನಿಗಳನ್ನು ಸಿದ್ಧ ಮಾಡಿಕೊಂಡೇ ನಿಂತಿದ್ದೆ.

ಅವಳು ಅಳಲಿಲ್ಲ. ಲೆಕ್ಕ ಬಿಡಿಸಿದವಳ ಹಾಗೆ ಅಜ್ಜಿಯ ಮುಖ ನೋಡಿ ಹೇಳಿದಳು: “ಹಂಗಾರೆ ನಮ್ಮವ್ವ ಹೊರಗೆ ಬರಲ್ಲ ಅಜ್ಜಿ. ಅವ್ಳು ಮೊದ್ಲೇ ನನ್ನ ಹಡೆದ್ಬಿಟ್ಟಾಳೆ. ಇನ್ನೇನು ಕೆಲ್ಸ ಐತೆ ಅವ್ಳಿಗೆ?”

ಅಜ್ಜಿ ಅಷ್ಟು ಜೋರಾಗಿ ಅತ್ತದ್ದನ್ನು ನಾನು ಅದೇ ಮೊದಲು ಕೇಳಿದ್ದು. ಮಾಮ ಹೊರಗೆ ಹೋಗಿ ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕೂತ. ಗಂಗಿ ಅಜ್ಜಿಯ ಕಣ್ಣು ಒರೆಸುತ್ತಾ, “ಸುಮ್ಕಿರು, ಸುಮ್ಕಿರು,” ಅನ್ನುತ್ತಿದ್ದಳು. ಸಂಜೆ ಅವಳೇ ತೋಟಕ್ಕೆ ಹೋಗಿ ಗೋಣಿ ತಂದು ಕಿಟಕಿಯ ಕೆಳಗೆ ಹಾಕಿದಳು.

ಆ ತೋಟದಲ್ಲಿ ಈಗ ದಾಳಿಂಬೆ ಇದೆ. ಹುಳದ ಮನೆಯಲ್ಲಿ ಹನಿ ನೀರಾವರಿಯ ಪೈಪು ಸುತ್ತಿಟ್ಟಿದ್ದಾರೆ. ಅಜ್ಜಿ ಹೋಗಿ ಮಗಳ ಪಕ್ಕ ಕೂತಳು. ಜ್ವರ ಅಂದರೆ ಈಗ ಆ ಮನೆಯಲ್ಲಿ ಮಾತ್ರೆ ನುಂಗುವ ಜ್ವರ ಮಾತ್ರ. ನಾನು ಆರ್ಕೆಸ್ಟ್ರಾಗಳಲ್ಲಿ ಹಾಡಿನ ನಡುವೆ ಮಿಮಿಕ್ರಿ ಮಾಡುತ್ತೇನೆ. ಹಾಡುಗಾರರು ನೀರು ಕುಡಿಯುವಷ್ಟು ಹೊತ್ತು ಜನ ನನ್ನನ್ನು ಸಹಿಸಿಕೊಳ್ಳುತ್ತಾರೆ. ಗಂಗಿ ಚಿತ್ರದುರ್ಗದಲ್ಲಿ ನರ್ಸಿಂಗ್ ಓದುತ್ತಿದ್ದಾಳೆ.

ಹೋದ ವರ್ಷ ಗದ್ದುಗೆ ಪೂಜೆಗೆ ಎಲ್ಲ ಸೇರಿದ್ದೆವು. ಅವಳು ಬೇಗ ಬೇಗ ಊದುಬತ್ತಿ ಹಚ್ಚಿ, ವಿಭೂತಿ ಬಳಿದು, ಚಪ್ಪಲಿ ಹುಡುಕುತ್ತಿದ್ದಳು. ನಾನು ಆ ಬೇಸಿಗೆಯ ಕತೆ ಎತ್ತಿದೆ. ಐದು ವರ್ಷದ ಅವಳ ದನಿ ನನಗೆ ಚೆನ್ನಾಗಿ ಬರುತ್ತದೆ. ಎಲ್ಲ ಮಾಡಿ ತೋರಿಸಿದೆ.

“ನಾನು ಹಂಗಂದಿದ್ನಾ?” ಗಂಗಿ ಜೋರಾಗಿ ನಕ್ಕಳು. “ಸುಳ್ಳು ಹೇಳ್ಬ್ಯಾಡಣ್ಣ, ಸ್ಟೇಜಿಗೆ ಅಂತ ನೀನೇ ಕಟ್ಟಿರೋ ಕತೆ ಇದು. ನಂಗೊಂದೂ ನೆನಪಿಲ್ಲ. ನಡಿ, ಬಸ್ಸು ತಪ್ತೈತೆ.”

ನಾನೂ ನಕ್ಕೆ. ಅವಳ ಹಿಂದೆಯೇ ಬದುವಿನ ಮೇಲೆ ನಡೆದೆ. ಚಿಕ್ಕವ್ವನನ್ನು ನೆನೆದು ಅತ್ತವರು ಬಹಳ ಜನ ಇದ್ದರು. ಅವಳು ಬರುತ್ತಾಳೆಂದು ಕಾದವಳು ಈ ಲೋಕದಲ್ಲಿ ಒಬ್ಬಳೇ ಒಬ್ಬಳು. ಆ ಐದು ವರ್ಷದವಳೂ ಈಗ ಇಲ್ಲ.